ಸಕ್ಕರೆಗೆ ಕೋಟೆ, ಪೆಪ್ಪರ್‌ಮೆಂಟಿಗೆ ಹೆಬ್ಬಾಗಿಲು

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅಮೆರಿಕದ ಅಂಗಡಿಗಳಲ್ಲಿ ಕ್ಯಾಂಡಿ ಕೇನ್ ರಾಶಿ ಬೀಳುತ್ತದೆ. ಕೆಂಪು–ಬಿಳಿ ಪಟ್ಟೆಯ, ಮೇಲ್ತುದಿ ಬಾಗಿದ ಪೆಪ್ಪರ್‌ಮೆಂಟ್ ಕಡ್ಡಿ ಅದು. ಅಲ್ಲಿ ನೆಲೆಸಿರುವ ನಮ್ಮವರ ಮಕ್ಕಳೂ ಡಿಸೆಂಬರ್ ತುಂಬ ಅದನ್ನು ಚೀಪುತ್ತಲೇ ಇರುತ್ತಾರೆ. ಅಮೆರಿಕದ ಹಬ್ಬದ ಗುರುತೇ ಆಗಿಹೋಗಿರುವ ಈ ತಿನಿಸಿನ ಡಬ್ಬಿಯನ್ನು ತಿರುಗಿಸಿ ನೋಡಿದರೆ ಎಷ್ಟೋ ಸಲ ಕಾಣುವುದು ‘ಮೆಕ್ಸಿಕೋದಲ್ಲಿ ತಯಾರಾದದ್ದು’ ಎಂಬ ಸಾಲು.

ಮೊದಲು ಹೀಗಿರಲಿಲ್ಲ. ಜಾರ್ಜಿಯಾ ರಾಜ್ಯದ ಆಲ್ಬನಿ ಎಂಬ ಊರಿನಲ್ಲಿ 1919ರಲ್ಲಿ ಹುಟ್ಟಿದ ಬಾಬ್ಸ್ ಕ್ಯಾಂಡೀಸ್ ಕಂಪನಿ ಕ್ಯಾಂಡಿ ಕೇನ್‌ಗೆ ದೇಶದಲ್ಲೇ ಹೆಸರಾಗಿತ್ತು. ಆಗೆಲ್ಲ ಕಡ್ಡಿಯನ್ನು ಬಿಸಿ ಆರುವುದರೊಳಗೆ ಕೈಯಿಂದಲೇ ಬಗ್ಗಿಸಬೇಕಿತ್ತು. ತಡವಾದರೆ ಮುರಿಯುತ್ತಿತ್ತು. ಕಂಪನಿ ಕಟ್ಟಿದವರ ಹತ್ತಿರದ ಸಂಬಂಧಿ, ಗ್ರೆಗರಿ ಕೆಲ್ಲರ್ ಎಂಬ ಕ್ಯಾಥೊಲಿಕ್ ಪಾದ್ರಿ, 1950ರ ದಶಕದಲ್ಲಿ ಆ ಕೆಲಸಕ್ಕೊಂದು ಯಂತ್ರವನ್ನೇ ಮಾಡಿಕೊಟ್ಟರು. ಮುಂದೆ 2005ರಲ್ಲಿ ಕಂಪನಿ ಬೇರೆಯವರ ಕೈಸೇರಿತು, ಆಲ್ಬನಿಯ ಕಾರ್ಖಾನೆಗೆ ಬೀಗ ಬಿತ್ತು, ತಯಾರಿಕೆ ಮೆಕ್ಸಿಕೋಗೆ ಹೋಯಿತು. ಓಹಾಯೋದ ಬ್ರಯನ್ ಎಂಬ ಪಟ್ಟಣದ ಸ್ಪ್ಯಾಂಗ್ಲರ್ ಕಂಪನಿ ಊರು ಬಿಡಲಿಲ್ಲ. ಆದರೂ ತನ್ನ ಕ್ಯಾಂಡಿ ಕೇನ್‌ನ ಒಂದು ಪಾಲನ್ನು ಗಡಿಯಾಚೆಯ ಹುವಾರೆಸ್ ನಗರದಲ್ಲಿ ಮಾಡಿಸತೊಡಗಿತು.

‘ಅಗ್ಗದ ಆಮದು ಬಂತು, ಸ್ಥಳೀಯ ಉದ್ಯಮ ನೆಲಕಚ್ಚಿತು’ ಎಂಬ ಮಾತು ಎಲ್ಲ ದೇಶಗಳಲ್ಲೂ ಒಂದೇ ಧಾಟಿಯಲ್ಲಿ ಕೇಳಿಸುತ್ತದೆ. ಅದರಲ್ಲಿ ಖಳನಾಯಕ ಯಾವಾಗಲೂ ಹೊರಗಿನವನು: ಕಡಿಮೆ ಕೂಲಿ ಕೊಡುವವನು, ಸರ್ಕಾರದ ಸಬ್ಸಿಡಿ ಪಡೆಯುವವನು, ಬೆಲೆ ಮುರಿದು ಮಾರುವವನು. ಅಮೆರಿಕದ ಮಿಠಾಯಿ ಉದ್ಯಮದ ಕತೆಯಲ್ಲೂ ಇದೆಲ್ಲ ಒಂದಿಷ್ಟು ಇದೆ. ಆದರೆ ಅಲ್ಲಿ ಆಮದು ಅಗ್ಗವಾದದ್ದಕ್ಕಿಂತ ಹೆಚ್ಚಾಗಿ ಸ್ವಂತ ಮಾಲು ದುಬಾರಿಯಾದದ್ದು. ದುಬಾರಿ ಮಾಡಿದ್ದು ಅಮೆರಿಕದ್ದೇ ಕಾನೂನು. ಅದು ಹೇಗೆ ಎಂದು ತಿಳಿಯಬೇಕಾದರೆ ಒಲೆಯಿಂದಲೇ ಶುರು ಮಾಡಬೇಕು.

ಬಾಣಲೆಯಲ್ಲಿ ಏನಿದೆ?

ನಮ್ಮ ಪೆಟ್ಟಿಗೆ ಅಂಗಡಿಯ ನಿಂಬೆಹುಳಿ, ಶುಂಠಿ ಪೆಪ್ಪರ್‌ಮೆಂಟ್, ಲಾಲಿಪಾಪ್, ಅವರ ಕ್ಯಾಂಡಿ ಕೇನ್, ಎಲ್ಲವೂ ಒಂದೇ ಜಾತಿಯವು. ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ನೀರು – ಬಂಡವಾಳ ಇಷ್ಟೇ. ಕುದಿಸುತ್ತ ಹೋದಂತೆ ನೀರು ಹಾರಿ, ಎಳೆಪಾಕ ಉಂಡೆಪಾಕಗಳನ್ನು ದಾಟಿ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಗಟ್ಟಿಯಾಗಿ ಟಕ್ಕನೆ ಮುರಿಯುತ್ತದೆ. ಆ ಹಂತದಲ್ಲಿ ಪಾಕದಲ್ಲಿ ಉಳಿದಿರುವ ನೀರಿನಂಶ ಶೇ 2ರಷ್ಟು ಮಾತ್ರ. ಅದನ್ನು ಮೇಜಿನ ಮೇಲೆ ಸುರಿದು ಪುದೀನ ಎಣ್ಣೆ ಬೆರೆಸುತ್ತಾರೆ. ಒಂದು ಭಾಗಕ್ಕೆ ಕೆಂಪು ಬಣ್ಣ ಕೊಡುತ್ತಾರೆ. ಇನ್ನೊಂದು ಭಾಗವನ್ನು ಕೊಕ್ಕೆಗೆ ಹಾಕಿ ಎಳೆದು, ಮಡಚಿ, ಮತ್ತೆ ಎಳೆಯುತ್ತಾರೆ. ಎಳೆದಷ್ಟೂ ಗಾಳಿ ಸೇರಿ ಪಾರದರ್ಶಕವಾಗಿದ್ದ ಪಾಕ ಬೆಳ್ಳಗಾಗುತ್ತದೆ. ಕ್ಯಾಂಡಿ ಕೇನ್‌ನ ಬಿಳಿ ಪಟ್ಟೆಗೆ ಹಾಲೂ ಬೇಡ, ಬಣ್ಣವೂ ಬೇಡ.

ಗ್ಲೂಕೋಸ್ ಯಾಕೆ? ಬರೀ ಸಕ್ಕರೆ ಪಾಕ ಆರಿದಂತೆ ಹರಳುಗಟ್ಟುತ್ತದೆ. ಮನೆಯಲ್ಲಿ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಅದನ್ನು ತಡೆಯಲಿಕ್ಕೇ; ಕಾರ್ಖಾನೆಯಲ್ಲಿ ಆ ಕೆಲಸ ಗ್ಲೂಕೋಸ್‌ನದು. ಅಮೆರಿಕದಲ್ಲಿ ಗ್ಲೂಕೋಸ್ ಮೆಕ್ಕೆಜೋಳದಿಂದ ಬರುತ್ತದೆ, ಅಗ್ಗವಾಗಿಯೇ ಸಿಗುತ್ತದೆ. ಸಂಕಟ ಇರುವುದು ಸಕ್ಕರೆಯಲ್ಲಿ. ಚಾಕಲೇಟಿನಲ್ಲಾದರೆ ಕೋಕೋ ಇದೆ, ಹಾಲಿನಪುಡಿ ಇದೆ, ಬೀಜಗಳಿವೆ. ಸಕ್ಕರೆಯ ಬೆಲೆ ಏರಿದರೂ ಒಟ್ಟು ಖರ್ಚಿನಲ್ಲಿ ಅದರ ಪಾಲು ಕಡಿಮೆ. ಪೆಪ್ಪರ್‌ಮೆಂಟಿನಲ್ಲಿ ಸಕ್ಕರೆಯ ಹಿಂದೆ ಅಡಗಿಕೊಳ್ಳಲು ಬೇರೇನೂ ಇಲ್ಲ. ದೇಶ ಬಿಟ್ಟು ಹೋದವುಗಳ ಸಾಲಿನಲ್ಲಿ ಗಟ್ಟಿ ಮಿಠಾಯಿಯೇ ಮುಂದಿದ್ದದ್ದು ಇದಕ್ಕೇ. ಸಾಲದ್ದಕ್ಕೆ ಅದು ಕೆಡುವುದಿಲ್ಲ, ಬಿಸಿಲಿಗೆ ಚಾಕಲೇಟಿನಷ್ಟು ಬೇಗ ಕರಗುವುದಿಲ್ಲ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಬಿದ್ದಿರುತ್ತದೆ. ಲಾರಿಯಲ್ಲಿ ಸಾವಿರಾರು ಕಿಲೋಮೀಟರ್ ಸಾಗಿಸಲು ಇದಕ್ಕಿಂತ ಒಳ್ಳೆಯ ಸರಕಿಲ್ಲ.

ತಂಪು ಪಾನೀಯದ ಕಂಪನಿಗಳು ಈ ಇಕ್ಕಟ್ಟಿನಿಂದ ಮೊದಲೇ ಪಾರಾಗಿದ್ದವು. ಕೋಕಾ–ಕೋಲಾ ಮತ್ತು ಪೆಪ್ಸಿ 1984ರಲ್ಲಿ ಅಮೆರಿಕದ ಬಾಟಲಿಗಳಲ್ಲಿ ಸಕ್ಕರೆಯನ್ನು ಪೂರ್ತಿ ಕೈಬಿಟ್ಟು, ಫ್ರಕ್ಟೋಸ್ ಹೆಚ್ಚಿರುವ ಮೆಕ್ಕೆಜೋಳದ ಸಿರಪ್‌ಗೆ ಬದಲಾದವು. ಮಿಠಾಯಿಯವರಿಗೆ ಆ ದಾರಿ ಇರಲಿಲ್ಲ. ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದು ಹೆಚ್ಚಾದರೆ ಪೆಪ್ಪರ್‌ಮೆಂಟ್ ಜಿಗುಟಾಗಿ ಕಾಗದಕ್ಕೆ ಅಂಟಿ ಕೂರುತ್ತದೆ.

ಕೋಟೆ ಕಟ್ಟಿದ್ದು ಹೇಗೆ

ಅಮೆರಿಕದಲ್ಲಿ ಕಬ್ಬು ಬೆಳೆಯುವುದು ಮುಖ್ಯವಾಗಿ ಫ್ಲಾರಿಡಾ ಮತ್ತು ಲೂಯಿಸಿಯಾನದಲ್ಲಿ. ಸಕ್ಕರೆ ಬೀಟ್‌ರೂಟ್ ಬೆಳೆಯುವುದು ಮಿನೆಸೋಟ, ನಾರ್ತ್ ಡಕೋಟ, ಮಿಚಿಗನ್, ಐಡಾಹೊ ಮೊದಲಾದ ತಂಪು ರಾಜ್ಯಗಳಲ್ಲಿ. ಈ ಬೆಳೆಗಾರರಿಗೆ ರಕ್ಷಣೆ ಕೊಡುವ ಕಾನೂನು 1934ರಿಂದ ಬೇರೆ ಬೇರೆ ವೇಷದಲ್ಲಿ ಬಂದಿದೆ. 1974ರಲ್ಲಿ ಅದು ಕೊನೆಗೊಂಡಿತು. ಆದರೆ 1981ರ ಕೃಷಿ ಕಾಯ್ದೆಯಲ್ಲಿ ಮತ್ತೆ ಎದ್ದು ಕೂತಿತು. ಮುಕ್ತ ಮಾರುಕಟ್ಟೆಯ ಮಂತ್ರ ಜಪಿಸುತ್ತಿದ್ದ ರೊನಾಲ್ಡ್ ರೇಗನ್ ಆಡಳಿತವೇ ಮರುವರ್ಷ ಸಕ್ಕರೆ ಆಮದಿಗೆ ಕೋಟಾ ಹಾಕಿತು.

ವ್ಯವಸ್ಥೆ ಜಟಿಲವಾಗಿ ಕಂಡರೂ ತಿರುಳು ಸರಳ. ಸಕ್ಕರೆ ಕಾರ್ಖಾನೆ ತನ್ನ ದಾಸ್ತಾನನ್ನು ಸರ್ಕಾರಕ್ಕೆ ಅಡವಿಟ್ಟು ಪೌಂಡಿಗೆ ಇಂತಿಷ್ಟು ಸೆಂಟ್ ಎಂದು ಸಾಲ ಪಡೆಯುತ್ತದೆ. ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲಿದ್ದರೆ ಸಕ್ಕರೆ ಮಾರಿ ಸಾಲ ತೀರಿಸುತ್ತದೆ. ಬೆಲೆ ಕುಸಿದರೆ? ‘ಸಕ್ಕರೆ ನೀವೇ ಇಟ್ಟುಕೊಳ್ಳಿ’ ಎಂದು ಕೈತೊಳೆದುಕೊಳ್ಳಬಹುದು. ಬಾಕಿ ಹಣ ಕೇಳುವ ಹಕ್ಕು ಸರ್ಕಾರಕ್ಕಿಲ್ಲ. ಬೇಡದ ಸಕ್ಕರೆ ಗುಡ್ಡೆ ತನ್ನ ತಲೆಗೆ ಬರಬಾರದು ಎಂದಾದರೆ ಸರ್ಕಾರ ಬೆಲೆ ಇಳಿಯದಂತೆ ನೋಡಿಕೊಳ್ಳಲೇಬೇಕು. ಅದಕ್ಕಾಗಿ ದೇಶದೊಳಗಿನ ಪ್ರತಿ ಕಂಪನಿ ಎಷ್ಟು ಮಾರಬಹುದು ಎಂದು ಹಂಚಿಕೆ ಮಾಡುತ್ತದೆ. ಹೊರಗಿನಿಂದ ಎಷ್ಟು ಬರಬಹುದು ಎಂದು ಮಿತಿ ಹಾಕುತ್ತದೆ.

ಆ ಮಿತಿಯ ವಿವರ ಸ್ವಾರಸ್ಯಕರ. ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ಮಾತಿನಂತೆ ಅಮೆರಿಕ ವರ್ಷಕ್ಕೆ ಕನಿಷ್ಠ 11.17 ಲಕ್ಷ ಟನ್ ಕಚ್ಚಾ ಸಕ್ಕರೆಯನ್ನು ಕಡಿಮೆ ಸುಂಕದಲ್ಲಿ ಒಳಬಿಡಬೇಕು. ಇದನ್ನು 40 ದೇಶಗಳಿಗೆ ಹಂಚಲಾಗಿದೆ. ಹಂಚಿಕೆಗೆ ಆಧಾರ 1975ರಿಂದ 1981ರವರೆಗೆ ಯಾರು ಎಷ್ಟು ಮಾರಿದ್ದರು ಎಂಬ ಲೆಕ್ಕ. ಜಗತ್ತು ಅಂದಿನಿಂದ ಎಷ್ಟೇ ಬದಲಾಗಿರಲಿ, ಪಟ್ಟಿ ಅಲ್ಲೇ ನಿಂತಿದೆ. ಪುಟ್ಟ ಡೊಮಿನಿಕನ್ ರಿಪಬ್ಲಿಕ್‌ಗೆ 1.85 ಲಕ್ಷ ಟನ್; ಜಗತ್ತಿನ ಅತಿದೊಡ್ಡ ರಫ್ತುದಾರ ಬ್ರೆಜಿಲ್‌ಗೆ ಅದಕ್ಕಿಂತ ಕಡಿಮೆ, 1.53 ಲಕ್ಷ ಟನ್. ಭಾರತದ ಪಾಲು 8,424 ಟನ್. ಉತ್ತರ ಕರ್ನಾಟಕದ ಒಂದು ದೊಡ್ಡ ಸಕ್ಕರೆ ಕಾರ್ಖಾನೆ ಹಂಗಾಮಿನ ಭರಾಟೆಯಲ್ಲಿ ಕೆಲವೇ ದಿನಗಳಲ್ಲಿ ತೆಗೆಯುವಷ್ಟು. ಕೋಟಾ ಮೀರಿ ತಂದರೆ ಪೌಂಡಿಗೆ 15.36 ಸೆಂಟ್ ಸುಂಕ. ವಿಶ್ವ ಮಾರುಕಟ್ಟೆ ಬೆಲೆ ಎಷ್ಟೋ ವರ್ಷ ಇದಕ್ಕಿಂತ ಕೆಳಗೇ ಇತ್ತು. ಅಂದರೆ ಸುಂಕವೇ ಸರಕಿಗಿಂತ ದುಬಾರಿ.

ಇಷ್ಟು ಭದ್ರವಾಗಿ ಕಟ್ಟಿದ ಕೋಟೆ ಚೀಲದಲ್ಲಿ ಬರುವ ಸಕ್ಕರೆಯನ್ನಷ್ಟೇ ತಡೆಯಿತು. ಅದೇ ಸಕ್ಕರೆ ಬಣ್ಣ ಹಚ್ಚಿಕೊಂಡು, ಕಾಗದ ಸುತ್ತಿಕೊಂಡು ಪೆಪ್ಪರ್‌ಮೆಂಟಾಗಿ ಬಂದರೆ ಸಾಮಾನ್ಯ ಸುಂಕ ಶೇ 5.6 ಮಾತ್ರ. ಕೆನಡಾ, ಮೆಕ್ಸಿಕೋಗಳಿಂದ ಬಂದರೆ 1994ರ ನಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದದ ನಂತರ ಕ್ರಮೇಣ ಅದೂ ಇಲ್ಲ. ಕಚ್ಚಾ ಮಾಲಿಗೆ ತಡೆ, ಸಿದ್ಧ ಮಾಲಿಗೆ ಸ್ವಾಗತ. ಅರ್ಥಶಾಸ್ತ್ರಜ್ಞರು ಇದನ್ನು ತಲೆಕೆಳಗಾದ ಸುಂಕ ವ್ಯವಸ್ಥೆ ಎನ್ನುತ್ತಾರೆ. ನಮ್ಮ ಬಜೆಟ್ ಚರ್ಚೆಗಳಲ್ಲೂ ಆಗಾಗ ಕೇಳಿಬರುವ ಮಾತಿದು. ದೇಶದೊಳಗೆ ಕಾರ್ಖಾನೆ ನಡೆಸುವವನಿಗೆ ಇದರಷ್ಟು ಕೆಟ್ಟ ಜೋಡಿ ಇನ್ನೊಂದಿಲ್ಲ.

ಲೆಕ್ಕ ಹಾಕಿ ನೋಡಿ

ಅಮೆರಿಕದ ವಾಣಿಜ್ಯ ಇಲಾಖೆ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2004ರಲ್ಲಿ ಶುದ್ಧೀಕರಿಸಿದ ಸಕ್ಕರೆಗೆ ಅಮೆರಿಕದಲ್ಲಿ ಪೌಂಡಿಗೆ 23.5 ಸೆಂಟ್, ಹೊರಗೆ 10.9 ಸೆಂಟ್. ವ್ಯತ್ಯಾಸ 12.6 ಸೆಂಟ್, ಕೆಜಿ ಲೆಕ್ಕದಲ್ಲಿ ಸುಮಾರು 28 ಸೆಂಟ್. ದಿನಕ್ಕೆ 100 ಟನ್ ಸಕ್ಕರೆ ಕರಗಿಸುವ ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಅದು ಅಮೆರಿಕದಲ್ಲಿರುವ ತಪ್ಪಿಗೆ ದಿನಕ್ಕೆ 28 ಸಾವಿರ ಡಾಲರ್ ಹೆಚ್ಚು ತೆರಬೇಕು. ವರ್ಷಕ್ಕೆ 250 ದಿನ ಓಡಿದರೆ 70 ಲಕ್ಷ ಡಾಲರ್. ಪೆಪ್ಪರ್‌ಮೆಂಟಿನಂಥ ಚಿಲ್ಲರೆ ಲಾಭದ ಸರಕಿನಲ್ಲಿ ಈ ಮೊತ್ತವೇ ಕಾರ್ಖಾನೆಯ ಅಳಿವು–ಉಳಿವನ್ನು ತೀರ್ಮಾನಿಸುತ್ತದೆ.

ಅದೇ ವರದಿಯಲ್ಲಿ ಇನ್ನೂ ಒಂದು ಅಂಕಿ ಇದೆ. ಸಕ್ಕರೆ ಹೊಂದಿರುವ ತಿನಿಸುಗಳ ಆಮದು 1990ರಲ್ಲಿ 670 ಕೋಟಿ ಡಾಲರ್ ಇದ್ದದ್ದು 2004ಕ್ಕೆ 1,870 ಕೋಟಿ ಡಾಲರ್ ಆಗಿತ್ತು. ವರದಿಯ ಅತಿ ಚರ್ಚಿತ ಸಾಲು ಮಾತ್ರ ಇದು: ದುಬಾರಿ ಸಕ್ಕರೆಯಿಂದ ಹೊಲದಲ್ಲಿ ಉಳಿಯುವ ಪ್ರತಿ ಒಂದು ಉದ್ಯೋಗಕ್ಕೆ ಮಿಠಾಯಿ ಕಾರ್ಖಾನೆಗಳಲ್ಲಿ ಹೆಚ್ಚುಕಡಿಮೆ ಮೂರು ಉದ್ಯೋಗ ಹೋಗುತ್ತವೆ. ಸಕ್ಕರೆ ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ. ‘ಕಾರ್ಖಾನೆಗಳು ಓಡಿದ್ದು ಕೂಲಿ ಉಳಿಸಲು, ಸಕ್ಕರೆ ಬರೀ ನೆಪ’ ಎಂದು ಅವರ ವಾದ.

ಯಾರ ಮಾತು ನಿಜ? ಇದನ್ನು ಒರೆಗೆ ಹಚ್ಚಲು ಕೆನಡಾ ಒಳ್ಳೆಯ ಜಾಗ. ಅಲ್ಲಿನ ಕೂಲಿ ಅಮೆರಿಕದ ಕೂಲಿಗಿಂತ ತೀರಾ ಕಡಿಮೆಯೇನಲ್ಲ, ಕಾರ್ಮಿಕ ಸಂಘಗಳೂ ಗಟ್ಟಿ. ಆದರೆ ಸಕ್ಕರೆಗೆ ಬೆಂಬಲ ಬೆಲೆ ಇಲ್ಲ. ಬೀಟ್ ಬೆಳೆ ಆಲ್ಬರ್ಟಾದಲ್ಲಿ ಒಂದಿಷ್ಟು ಇದೆ, ಅಷ್ಟೆ. ಉಳಿದದ್ದೆಲ್ಲ ಕಚ್ಚಾ ಸಕ್ಕರೆಯಾಗಿ ಹಡಗಿನಲ್ಲಿ ಬಂದು ವಿಶ್ವ ಮಾರುಕಟ್ಟೆಯ ಬೆಲೆಯ ಆಸುಪಾಸಿಗೇ ಸಿಗುತ್ತದೆ.

ಮಧ್ಯದಲ್ಲಿ ತೂತಿರುವ ಉಂಗುರದಾಕಾರದ ಲೈಫ್ ಸೇವರ್ಸ್ ಮಿಠಾಯಿಯನ್ನು 1912ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟುಹಾಕಿದವರು ಕ್ಲಾರೆನ್ಸ್ ಕ್ರೇನ್. ಬೇಸಿಗೆಯಲ್ಲಿ ಚಾಕಲೇಟ್ ಕರಗಿ ವ್ಯಾಪಾರ ಬೀಳುತ್ತದೆಂದು ಕರಗದ ಮಿಠಾಯಿಯತ್ತ ತಿರುಗಿದವರು ಅವರು. 1967ರಿಂದ ಅದು ತಯಾರಾಗುತ್ತಿದ್ದದ್ದು ಮಿಚಿಗನ್ ರಾಜ್ಯದ ಹಾಲೆಂಡ್ ಪಟ್ಟಣದಲ್ಲಿ. 2002ರಲ್ಲಿ ಮಾಲೀಕ ಕಂಪನಿ ಕ್ರಾಫ್ಟ್ ಆ ಕಾರ್ಖಾನೆ ಮುಚ್ಚಿ, ತಯಾರಿಕೆಯನ್ನು ಕೆನಡಾದ ಮಾಂಟ್ರಿಯಲ್ ಬಳಿಯ ಮೌಂಟ್ ರಾಯಲ್‌ಗೆ ಸಾಗಿಸುವುದಾಗಿ ಹೇಳಿತು. ಸುಮಾರು 600 ಮಂದಿಯ ಕೆಲಸ ಹೋಯಿತು. ಇದು ಕಡಿಮೆ ಕೂಲಿ ಹುಡುಕಿಕೊಂಡು ಹೋದ ಕತೆಯಲ್ಲ ಎಂಬುದು ಸ್ಪಷ್ಟ. ಸಕ್ಕರೆಯ ದೂರೇ ಇಲ್ಲಿ ದೊಡ್ಡದು. ಹಾಗೆಂದು ಸಕ್ಕರೆಯೊಂದೇ ಎನ್ನಲೂ ಆಗದು: ಆ ಹೊತ್ತಿಗೆ ಕೆನಡಾ ಡಾಲರ್ ಬೆಲೆ 62 ಅಮೆರಿಕನ್ ಸೆಂಟ್‌ಗೆ ಕುಸಿದಿತ್ತು. ಅಲ್ಲಿ ಮಾಡುವ ಪ್ರತಿ ಖರ್ಚೂ ತಾನಾಗಿಯೇ ಅಗ್ಗವಾಗಿತ್ತು.

ಈಗ ಎದುರು ಸಾಕ್ಷಿ. ಕೆನಡಾದ ಸ್ಮಿತ್ಸ್ ಫಾಲ್ಸ್ ಎಂಬ ಪುಟ್ಟ ಊರಿನಲ್ಲಿ ಹರ್ಷೀಸ್ ಕಂಪನಿಯ ಚಾಕಲೇಟ್ ಕಾರ್ಖಾನೆ ಇತ್ತು. ಸಕ್ಕರೆ ಅಗ್ಗವಾಗಿ ಸಿಗುತ್ತಿದ್ದರೂ ಕಂಪನಿ 2007ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಮಾಡಿ, ಮೆಕ್ಸಿಕೋದ ಮಾಂಟೆರ್ರೆಯಲ್ಲಿ ಹೊಸ ಕಾರ್ಖಾನೆ ಕಟ್ಟಿತು. ಪೆನ್ಸಿಲ್ವೇನಿಯಾದ ರೆಡಿಂಗ್‌ನಲ್ಲಿದ್ದ, ಯಾರ್ಕ್ ಪೆಪ್ಪರ್‌ಮಿಂಟ್ ಪ್ಯಾಟಿ ಮಾಡುತ್ತಿದ್ದ ಘಟಕವೂ ಅದೇ ಸುತ್ತಿನಲ್ಲಿ ಮುಚ್ಚಿತು. ಚಾಕಲೇಟಿನಲ್ಲಿ ಸಕ್ಕರೆಗಿಂತ ಕೂಲಿ ಮತ್ತು ಯಂತ್ರಗಳ ಲೆಕ್ಕ ಹೆಚ್ಚು ತೂಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಸ್ಮಿತ್ಸ್ ಫಾಲ್ಸ್‌ನ ಖಾಲಿ ಕಾರ್ಖಾನೆಯ ಮುಂದಿನ ಪಾಡನ್ನು ಹೇಳದೆ ಇರಲಾರೆ. ಕೆಲವು ವರ್ಷಗಳ ನಂತರ ಅಲ್ಲಿ ಗಾಂಜಾ ಬೆಳೆಯುವ ಕಂಪನಿಯೊಂದು ಬಂದು ಕೂತಿತು, ಕೆನಡಾದಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಆ ವ್ಯಾಪಾರ ಸೊರಗಿದ ಮೇಲೆ, 2023ರಲ್ಲಿ, ಸುಮಾರು 5.3 ಕೋಟಿ ಕೆನಡಾ ಡಾಲರ್ ಕೊಟ್ಟು ಅದೇ ಕಟ್ಟಡವನ್ನು ವಾಪಸು ಕೊಂಡದ್ದು ಹರ್ಷೀಸ್.

ಎರಡೂ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇಷ್ಟು: ಸಕ್ಕರೆಯೇ ಮುಖ್ಯವಾದ ಮಿಠಾಯಿಗಳನ್ನು ಹೊರದೂಡಿದ್ದು ಮುಖ್ಯವಾಗಿ ಸಕ್ಕರೆ ಕಾನೂನು. ಚಾಕಲೇಟು, ಬಿಸ್ಕತ್ತುಗಳ ವಿಷಯದಲ್ಲಿ ಕಾನೂನು ಹಲವು ಕಾರಣಗಳಲ್ಲಿ ಒಂದು ಮಾತ್ರ. ಓರಿಯೋ ಬಿಸ್ಕತ್ತಿನ ಕೆಲವು ಸಾಲುಗಳು ಶಿಕಾಗೋದಿಂದ ಮೆಕ್ಸಿಕೋದ ಸಲಿನಾಸ್‌ಗೆ ಹೋದಾಗ ಸುಮಾರು 600 ಕೆಲಸ ಹೋಯಿತು, ಚುನಾವಣಾ ಭಾಷಣಗಳಲ್ಲೂ ಅದು ಸದ್ದು ಮಾಡಿತು. ಅಲ್ಲಿ ಹೆಚ್ಚು ಕೆಲಸ ಮಾಡಿದ್ದು ಕೂಲಿಯ ಲೆಕ್ಕ ಎಂದೇ ನನ್ನ ಅಂದಾಜು.

ಶಿಕಾಗೋ ಒಂದು ಕಾಲಕ್ಕೆ ಮಿಠಾಯಿಯ ರಾಜಧಾನಿ. ರಿಗ್ಲೆ, ಟೂಟ್ಸಿ ರೋಲ್, ಬ್ರಾಕ್ಸ್, ಫೆರಾರಾ ಎಲ್ಲ ಅಲ್ಲಿಯವೇ. ಪಶ್ಚಿಮ ಶಿಕಾಗೋದ ಬ್ರಾಕ್ಸ್ ಕಾರ್ಖಾನೆ ಆ ಭಾಗದ ಕಪ್ಪು ಜನಾಂಗದ ಕುಟುಂಬಗಳಿಗೆ ದಶಕಗಳ ಕಾಲ ಅನ್ನ ಕೊಟ್ಟಿತ್ತು. 2001ರಲ್ಲಿ ಮುಚ್ಚುವ ಸುದ್ದಿ ಬಂದಾಗಲೂ ಅಲ್ಲಿ ಸುಮಾರು ಸಾವಿರ ಜನ ದುಡಿಯುತ್ತಿದ್ದರು. 2003ರಲ್ಲಿ ಕೊನೆಯ ಶಿಫ್ಟ್ ಮುಗಿಯಿತು. ನಾಲ್ಕು ವರ್ಷದ ನಂತರ ಹಾಲಿವುಡ್‌ನ ಒಂದು ದೊಡ್ಡ ಚಿತ್ರಕ್ಕೆ ಆಸ್ಪತ್ರೆ ಸ್ಫೋಟಿಸುವ ದೃಶ್ಯ ಬೇಕಾಗಿತ್ತು. ಖಾಲಿ ಬಿದ್ದಿದ್ದ ಬ್ರಾಕ್ಸ್ ಕಟ್ಟಡದ ಒಂದು ಭಾಗವನ್ನೇ ಸಿಡಿಸಿದರು. ಜಗತ್ತೆಲ್ಲ ಆ ದೃಶ್ಯ ನೋಡಿದೆ. ಉರಿದದ್ದು ಮಿಠಾಯಿ ಕಾರ್ಖಾನೆ ಎಂದು ಗೊತ್ತಿರುವವರು ಕಡಿಮೆ.

ರೈತನ ಕಡೆಯ ಮಾತು

ಇಷ್ಟೆಲ್ಲ ನಷ್ಟ ಕಂಡೂ ಕಾನೂನು ಯಾಕೆ ಉಳಿದಿದೆ? ಅಮೆರಿಕ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ 2000ದಲ್ಲಿ ಹೇಳಿದ ಪ್ರಕಾರ, 1998ರಲ್ಲಿ ಈ ವ್ಯವಸ್ಥೆಯಿಂದ ಸಕ್ಕರೆ ಬಳಸುವವರ ಮೇಲೆ ಬಿದ್ದ ಹೊರೆ 190 ಕೋಟಿ ಡಾಲರ್. ದೊಡ್ಡ ಮೊತ್ತವೇ. ಆದರೆ ಇಡೀ ದೇಶಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಏಳು ಡಾಲರ್. ಏಳು ಡಾಲರಿಗಾಗಿ ಯಾರೂ ವಾಷಿಂಗ್ಟನ್‌ಗೆ ಮೆರವಣಿಗೆ ಹೋಗುವುದಿಲ್ಲ. ಅತ್ತ ಲಾಭ ಹಂಚಿಹೋಗುವುದು ಐದು ಸಾವಿರಕ್ಕೂ ಕಡಿಮೆ ಇರುವ ಬೆಳೆಗಾರರಲ್ಲಿ. ಅದರಲ್ಲೂ ಅದೇ ಸಂಸ್ಥೆಯ 1993ರ ವರದಿಯಂತೆ ಶೇ 42ರಷ್ಟು ಲಾಭ ಶೇ 1ರಷ್ಟು ಹೊಲಗಳಿಗೆ. ಅವರಿಗೆ ಇದು ಸರ್ವಸ್ವ. ಎರಡೂ ಪಕ್ಷಗಳಿಗೆ ಚುನಾವಣಾ ದೇಣಿಗೆ ಕೊಡುತ್ತಾರೆ, ಪ್ರತಿ ಕೃಷಿ ಮಸೂದೆ ಬಂದಾಗಲೂ ಬಾಗಿಲಲ್ಲಿ ನಿಂತಿರುತ್ತಾರೆ. ಸಕ್ಕರೆ ದುಬಾರಿಯಾದಷ್ಟೂ ತಮ್ಮ ಸಿರಪ್‌ಗೆ ಗಿರಾಕಿ ಎಂದು ಗೊತ್ತಿರುವ ಮೆಕ್ಕೆಜೋಳದವರೂ ಈ ಕಾನೂನನ್ನು ವಿರೋಧಿಸುವುದಿಲ್ಲ.

ಆದರೂ ಬೆಳೆಗಾರರ ವಾದವನ್ನು ಬರೀ ಲಾಬಿ ಎಂದು ತಳ್ಳಿಹಾಕುವುದು ಸರಿಯಲ್ಲ. ಅವರು ಕೇಳುವುದು: ವಿಶ್ವ ಮಾರುಕಟ್ಟೆ ಬೆಲೆ ಎಂದು ನೀವು ತೋರಿಸುವುದು ನಿಜವಾದ ಬೆಲೆಯೇ? ಜಗತ್ತಿನ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಬೆಳೆದ ದೇಶದಲ್ಲೇ, ಸರ್ಕಾರ ಕಾಪಾಡಿದ ಬೆಲೆಗೆ ಖರ್ಚಾಗುತ್ತದೆ. ಮಿಕ್ಕಿದ್ದನ್ನು ಸಬ್ಸಿಡಿ ಹಚ್ಚಿ ಹೊರಗೆ ಸುರಿಯುತ್ತಾರೆ. ಆ ಸುರಿದ ಮಾಲಿನ ಬೆಲೆಯನ್ನು ಹಿಡಿದು ನಮ್ಮನ್ನು ದುಬಾರಿ ಎನ್ನುತ್ತೀರಿ. ಇದರಲ್ಲಿ ಹುರುಳಿದೆ. ಹಾಗೆ ಸುರಿಯುವವರಲ್ಲಿ ನಾವೂ ಇದ್ದೇವೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬೆಲೆಯಲ್ಲಿ ಅಷ್ಟು ಅಂತರ ಇದ್ದ ಮೇಲೆ ಕಳ್ಳದಾರಿ ಹುಡುಕುವವರೂ ಇರುತ್ತಾರೆ. 1990ರ ದಶಕದಲ್ಲಿ ಮಿಚಿಗನ್‌ನ ಒಂದು ಕಂಪನಿ ಸಕ್ಕರೆಯನ್ನು ಕೆನಡಾದಲ್ಲಿ ಕಾಕಂಬಿಗೆ ಬೆರೆಸಿ, ‘ಕಾಕಂಬಿ ಸಿರಪ್’ ಎಂದು ಗಡಿ ದಾಟಿಸಿತು. ಕಾಕಂಬಿಗೆ ಕೋಟಾ ಇರಲಿಲ್ಲ. ಈಚೆ ಬಂದ ಮೇಲೆ ಸಕ್ಕರೆಯನ್ನು ಬೇರ್ಪಡಿಸಿ ಮಾರಿ, ಉಳಿದ ಕಾಕಂಬಿಯನ್ನು ಮತ್ತೆ ಬೆರೆಸಲು ವಾಪಸು ಕಳಿಸುತ್ತಿದ್ದರು. ಜಾಣತನಕ್ಕೆ ತಲೆದೂಗಬೇಕು! 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಪೂರ್ಣವಿರಾಮ ಹಾಕಿತು. ಆದರೆ ಪೆಪ್ಪರ್‌ಮೆಂಟಿನ ಮಾರ್ಗ ಕಾನೂನುಬದ್ಧ, ರಾಜಮಾರ್ಗ. ಟೆಕ್ಸಸ್‌ನ ಲಫ್ಕಿನ್‌ನಲ್ಲಿ 1932ರಿಂದ ಇರುವ ಆಟ್ಕಿನ್ಸನ್ ಕುಟುಂಬದ ಮಿಠಾಯಿ ಕಂಪನಿ 2010ರ ಹೊತ್ತಿಗೆ ಗ್ವಾಟೆಮಾಲಾದಲ್ಲಿ ಕಾರ್ಖಾನೆ ತೆರೆದು, ತನ್ನ ಪೆಪ್ಪರ್‌ಮೆಂಟಿನ ಬಹುಪಾಲನ್ನು ಅಲ್ಲೇ ಮಾಡತೊಡಗಿತು. ಗ್ವಾಟೆಮಾಲಾ ದೊಡ್ಡ ಸಕ್ಕರೆ ರಫ್ತುದಾರ. ಅಲ್ಲಿಂದ ಅಮೆರಿಕಕ್ಕೆ ಸಕ್ಕರೆ ಕಳಿಸಲು ಮಿತಿ, ಮಿಠಾಯಿ ಕಳಿಸಲು ಮುಕ್ತ ವ್ಯಾಪಾರ ಒಪ್ಪಂದ.

2008ರ ಜನವರಿಯಿಂದ ಮೆಕ್ಸಿಕೋದ ಸಕ್ಕರೆಗೂ ಅಮೆರಿಕದ ಬಾಗಿಲು ತೆರೆಯಿತು. ಇನ್ನು ಬೆಲೆ ಸಮವಾಗಬಹುದು ಎಂದು ಮಿಠಾಯಿಯವರು ಆಸೆಪಟ್ಟರು. ಸ್ವಲ್ಪ ಮಟ್ಟಿಗೆ ಆಯಿತು ಕೂಡ. ಆದರೆ ಮೆಕ್ಸಿಕೋ ಸಕ್ಕರೆ ಪ್ರವಾಹದಂತೆ ಹರಿದು ಬಂದು ಬೆಲೆ ಬಿದ್ದಾಗ ಬೆಳೆಗಾರರು ದೂರು ಕೊಟ್ಟರು. 2014ರ ಡಿಸೆಂಬರಿನಲ್ಲಿ ಎರಡು ಸರ್ಕಾರಗಳೂ ಒಪ್ಪಂದಕ್ಕೆ ಬಂದು ಪ್ರಮಾಣಕ್ಕೆ ಮಿತಿ, ಬೆಲೆಗೆ ನೆಲಮಟ್ಟ ಹಾಕಿದವು. ಮೆಕ್ಸಿಕೋದ ಪೆಪ್ಪರ್‌ಮೆಂಟಿಗೆ ಮಾತ್ರ ಯಾವ ಮಿತಿಯೂ ಬರಲಿಲ್ಲ.

2025ರಲ್ಲಿ ಡೊನಾಲ್ಡ್ ಟ್ರಂಪ್ ಸರ್ಕಾರ ಸುಂಕದ ಸುರಿಮಳೆ ಸುರಿಸಿದಾಗ ಕೋಕೋ ಕೂಡ ಸಿಕ್ಕಿಬಿತ್ತು. ಅಮೆರಿಕದಲ್ಲಿ ಹವಾಯಿಯಂಥ ಒಂದೆರಡು ಕಡೆ ಬಿಟ್ಟರೆ ಕೋಕೋ ಬೆಳೆಯುವುದೇ ಇಲ್ಲ. ಬೆಳೆಯದ ಬೆಳೆಗೆ ಯಾರನ್ನು ರಕ್ಷಿಸಲು ಸುಂಕ ಎಂಬ ಪ್ರಶ್ನೆ ಎದ್ದು, ನವೆಂಬರಿನಲ್ಲಿ ಕಾಫಿ, ಬಾಳೆಹಣ್ಣಿನ ಜೊತೆ ಕೋಕೋಗೂ ವಿನಾಯಿತಿ ಸಿಕ್ಕಿತು. ಸಕ್ಕರೆಯ ದಿಕ್ಕು ಬೇರೆ: ಅದೇ ವರ್ಷದ ಕಾಯ್ದೆಯೊಂದು ಕಚ್ಚಾ ಸಕ್ಕರೆಯ ಅಡಮಾನ ಸಾಲದ ದರವನ್ನು ಪೌಂಡಿಗೆ 19.75 ಸೆಂಟ್‌ನಿಂದ 24 ಸೆಂಟ್‌ಗೆ ಏರಿಸಿತು.

ನಮ್ಮ ಕಬ್ಬು, ಅವರ ಮಿಠಾಯಿ

ಭಾರತದ ಸಕ್ಕರೆ ನೀತಿ ಅಮೆರಿಕದ್ದರ ದಾಯಾದಿ. ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುತ್ತದೆ. 2018ರ ಜೂನ್‌ನಲ್ಲಿ ಸಕ್ಕರೆಗೂ ಕನಿಷ್ಠ ಮಾರಾಟ ಬೆಲೆ ಬಂತು: ಕೆಜಿಗೆ 29 ರೂಪಾಯಿ, 2019ರಲ್ಲಿ 31. ಅದಕ್ಕೂ ಮುಂಚೆ, 2018ರ ಫೆಬ್ರುವರಿಯಲ್ಲಿ ಸಕ್ಕರೆ ಆಮದು ಸುಂಕ ಶೇ 100ಕ್ಕೆ ಏರಿತ್ತು. ಒಂದು ದೊಡ್ಡ ವ್ಯತ್ಯಾಸವೆಂದರೆ ನಮ್ಮಲ್ಲಿ ಸಿದ್ಧ ಮಿಠಾಯಿಯ ಮೇಲೂ ಗಣನೀಯ ಸುಂಕವಿದೆ. ಹೀಗಾಗಿ ಅಮೆರಿಕದವರಂತೆ ನಮ್ಮ ಪೆಪ್ಪರ್‌ಮೆಂಟ್ ಘಟಕಗಳು ಗಡಿಯಾಚೆ ಗಂಟುಮೂಟೆ ಕಟ್ಟಿಲ್ಲ. ದುಬಾರಿ ಸಕ್ಕರೆಯ ಹೊರೆ ಒಳಗೇ ಹಂಚಿಹೋಗುತ್ತದೆ – ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವವರಿಂದ ಹಿಡಿದು ಬಿಸ್ಕತ್ತು ಕಂಪನಿಯವರೆಗೆ.

ರೈತರ ಕಡೆಯೂ ಸುಖವಾಗಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಬೆಳೆಗಾರರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಹೆದ್ದಾರಿಯಲ್ಲೇ ಕುಳಿತರು; ರಾಜ್ಯ ಸರ್ಕಾರ 3,300ಕ್ಕೆ ಒಪ್ಪಿಸಬೇಕಾಯಿತು. ‘ಸಕ್ಕರೆಯ ಕನಿಷ್ಠ ಬೆಲೆ ಏರಿಸಿ, ಆಗ ಕೊಡುತ್ತೇವೆ’ ಎಂಬುದು ಕಾರ್ಖಾನೆಗಳ ಉತ್ತರ. ಆ ಮಾತುಕತೆಯ ಮೇಜಿನ ಸುತ್ತ ರೈತರಿದ್ದರು, ಕಾರ್ಖಾನೆ ಮಾಲೀಕರಿದ್ದರು, ಮಂತ್ರಿಗಳಿದ್ದರು. ಸಕ್ಕರೆ ಕೊಂಡು ಮಿಠಾಯಿ ಮಾಡುವವರಿಗೆ ಇಂಥ ಮೇಜಿನಲ್ಲಿ ಯಾವ ದೇಶದಲ್ಲೂ ಕುರ್ಚಿ ಹಾಕುವುದಿಲ್ಲ.

ಹೆಚ್ಚುವರಿ ಸಕ್ಕರೆಯನ್ನು ನಾವು ಏನು ಮಾಡಿದೆವು? 2019–20ರ ಹಂಗಾಮಿನಲ್ಲಿ 60 ಲಕ್ಷ ಟನ್ ರಫ್ತಿಗೆ ಟನ್ನಿಗೆ 10,448 ರೂಪಾಯಿವರೆಗೆ ನೆರವು ಕೊಟ್ಟೆವು. ಅಂದರೆ ಕೆಜಿಗೆ ಹತ್ತು ರೂಪಾಯಿಗೂ ಮೇಲೆ. ನಮ್ಮ ಮಿಠಾಯಿ ಅಂಗಡಿಯವನು 31 ರೂಪಾಯಿಗಿಂತ ಕಡಿಮೆಗೆ ಕೊಳ್ಳಲಾಗದ ಸಕ್ಕರೆಯನ್ನು ಹೊರದೇಶದ ಮಿಠಾಯಿ ಕಾರ್ಖಾನೆ ಅದಕ್ಕಿಂತ ಅಗ್ಗಕ್ಕೆ ಪಡೆಯಲು ನಮ್ಮ ತೆರಿಗೆ ಹಣ ನೆರವಾಯಿತು. ಯಾವುದೋ ದೇಶದಲ್ಲಿ ‘ಅಗ್ಗದ ಆಮದು ಮಿಠಾಯಿ’ ಎಂದು ಯಾರೋ ಬೈದುಕೊಂಡಿದ್ದರೆ, ಅದರೊಳಗಿನ ಸಿಹಿ ಕೃಷ್ಣಾ ತೀರದ್ದೂ ಆಗಿದ್ದಿರಬಹುದು.

ಈ ನೆರವಿನ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದವು. ಗ್ವಾಟೆಮಾಲಾ ಅಂದರೆ ಟೆಕ್ಸಸ್‌ನ ಪೆಪ್ಪರ್‌ಮೆಂಟಿಗೆ ಮನೆ ಕೊಟ್ಟ ಅದೇ ದೇಶ. 2021ರ ಡಿಸೆಂಬರಿನಲ್ಲಿ ತೀರ್ಪು ಭಾರತದ ವಿರುದ್ಧ ಬಂತು. ಮರುತಿಂಗಳೇ ಭಾರತ ಮೇಲ್ಮನವಿ ಹಾಕಿತು. ಅದನ್ನು ಕೇಳಬೇಕಾದ ಪೀಠದಲ್ಲಿ 2019ರ ಕೊನೆಯಿಂದ ವಿಚಾರಣೆಗೆ ಬೇಕಾದಷ್ಟು ಸದಸ್ಯರೇ ಇಲ್ಲ. ಹೊಸಬರ ನೇಮಕಕ್ಕೆ ಅಡ್ಡಗಾಲು ಹಾಕಿ ಕೂತಿರುವುದು ಅಮೆರಿಕ.